ಎಂಟರಿಂದ ಹನ್ನೆರಡು ಸೌರರಾಶಿ: ಮಧ್ಯಮ ಭಾರದ ನಕ್ಷತ್ರಗಳ ಕೊನೆಗಾಲ

ಹುಟ್ಟುವಾಗ ಸೂರ್ಯನ ಸುಮಾರು ಎಂಟರಿಂದ ಹನ್ನೆರಡು ಪಟ್ಟು ದ್ರವ್ಯರಾಶಿ ಪಡೆದ ನಕ್ಷತ್ರಗಳನ್ನು ಮಧ್ಯಮ ಭಾರದ ನಕ್ಷತ್ರಗಳು ಎನ್ನಬಹುದು. ಸೂರ್ಯನ ದ್ರವ್ಯರಾಶಿಯನ್ನೇ ಮೂಲಮಾನವಾಗಿ ಹಿಡಿದು ಅದನ್ನು ಒಂದು ಸೌರರಾಶಿ ಎಂದು ಕರೆದರೆ ಮುಂದಿನ ಲೆಕ್ಕವೆಲ್ಲ ಸುಲಭವಾಗುತ್ತದೆ. ಎಂಟು ಸೌರರಾಶಿಗಿಂತ ಕಡಿಮೆಯಿರುವ ನಕ್ಷತ್ರ ಕೊನೆಗೆ ತನ್ನ ಹೊದಿಕೆಯನ್ನು ಕಳೆದುಕೊಂಡು ಶ್ವೇತಕುಬ್ಜವಾಗಿ ಉಳಿಯುತ್ತದೆ. ಹನ್ನೆರಡಕ್ಕಿಂತ ಹೆಚ್ಚಿರುವುದು ಕಬ್ಬಿಣದ ತಿರುಳನ್ನು ಬೆಳೆಸಿಕೊಳ್ಳುತ್ತದೆ. ಆ ತಿರುಳು ಕುಸಿದಾಗ ಸಾಮಾನ್ಯವಾಗಿ ಸೂಪರ್ನೋವಾ ಆಗಿ ಸಿಡಿದು ನ್ಯೂಟ್ರಾನ್ ನಕ್ಷತ್ರವನ್ನೋ ಕಪ್ಪುಕುಳಿಯನ್ನೋ ಉಳಿಸುತ್ತದೆ. ಪಠ್ಯಪುಸ್ತಕಗಳು ವಿವರಿಸುವ ಈ ಎರಡು ದಾರಿಗಳ ನಡುವಿನ ಪಟ್ಟಿಯನ್ನು ಅನೇಕ ಪುಸ್ತಕಗಳು ಗಡಿರೇಖೆ ಎಂಬಂತೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಅದು ಆ ನಕ್ಷತ್ರಗಳಿಗೆ ಸಲ್ಲಬೇಕಾದ ನ್ಯಾಯವಲ್ಲ. ನಕ್ಷತ್ರಗಳು ಹುಟ್ಟುವಾಗ ಭಾರವಾದವು ಕಡಿಮೆ, ಹಗುರವಾದವು ಹೆಚ್ಚು. ಈ ಹಂಚಿಕೆಗೆ ಎಡ್ವಿನ್ ಸಾಲ್ಪೀಟರ್ 1955ರಲ್ಲಿ ಕೊಟ್ಟ ಸೂತ್ರವನ್ನು ಬಳಸಿ ಎಣಿಸಿದರೆ, ಎಂಟು ಸೌರರಾಶಿ ಮೀರಿದ ನಕ್ಷತ್ರಗಳಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಎಂಟರಿಂದ ಹತ್ತರೊಳಗೇ ಬರುತ್ತವೆ. ಹನ್ನೆರಡರವರೆಗೆ ಎಣಿಸಿದರೆ ಶೇಕಡ 40ಕ್ಕೂ ಮಿಕ್ಕುತ್ತವೆ. ಸಿಡಿದು ಸಾಯಬಲ್ಲ ನಕ್ಷತ್ರಗಳ ಇಷ್ಟು ದೊಡ್ಡ ಪಾಲು ಈ ಕಿರಿದಾದ ಪಟ್ಟಿಯಲ್ಲಿದೆ.

ಬರಿಗಣ್ಣಿಗೆ ಕಾಣುವ ಉದಾಹರಣೆಯೂ ಇದೆ. ಚಿತ್ತೆ ಮಳೆಗೆ ಹೆಸರು ಕೊಟ್ಟ ಚಿತ್ತಾ ನಕ್ಷತ್ರ ಕನ್ಯಾರಾಶಿಯಲ್ಲಿ, ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದೇ ಚುಕ್ಕೆಯಾಗಿ ಕಂಡರೂ ಅದು ನಾಲ್ಕು ದಿನಕ್ಕೊಮ್ಮೆ ಪರಸ್ಪರ ಸುತ್ತುವ ಜೋಡಿ. ಜೋಡಿಯ ಹಿರಿಯ ನಕ್ಷತ್ರದ ದ್ರವ್ಯರಾಶಿ ಸುಮಾರು 11 ಸೌರರಾಶಿ, ಕಿರಿಯದರದು ಸುಮಾರು 7. ಗಡಿಪಟ್ಟಿಯ ಒಳಗಿನದೊಂದು, ಹೊರಗಿನದೊಂದು ಹೀಗೆ ಅಕ್ಕಪಕ್ಕದಲ್ಲಿ ಸಿಕ್ಕಿರುವುದು ಅಪರೂಪ.

ಇಂಥ ನಕ್ಷತ್ರದ ಒಟ್ಟು ಆಯುಷ್ಯ ಸುಮಾರು ಮೂರು ಕೋಟಿ ವರ್ಷ. ಸೂರ್ಯನ ಸಾವಿರ ಕೋಟಿ ವರ್ಷದ ಮುಂದೆ ಇದು ತೀರ ಅಲ್ಪ. ಇಂಧನ ಹೆಚ್ಚಿದ್ದರೂ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆಯುಷ್ಯದ ಬಹುಭಾಗ ಜಲಜನಕವನ್ನು ಹೀಲಿಯಂ ಆಗಿಸುವುದರಲ್ಲಿ ಕಳೆಯುತ್ತದೆ. ತಿರುಳಿನ ಉಷ್ಣತೆ ಆಗ ಸುಮಾರು ಮೂರು ಕೋಟಿ ಕೆಲ್ವಿನ್. ಸೂರ್ಯನಲ್ಲಿ ಪ್ರೋಟಾನುಗಳು ನೇರವಾಗಿ ಕೂಡಿದರೆ, ಇಲ್ಲಿ ಇಂಗಾಲ, ಸಾರಜನಕ, ಆಮ್ಲಜನಕಗಳ ಬೀಜಗಳು ನಡುವರ್ತಿಗಳಾಗಿ ನಿಂತು ಅದೇ ಕೆಲಸವನ್ನು ಬೇಗ ಮಾಡಿಸುತ್ತವೆ. ಹ್ಯಾನ್ಸ್ ಬೆಥೆ ಮತ್ತು ಕಾರ್ಲ್ ಫಾನ್ ವೈಟ್ಸ್‌ಸೆಕರ್ 1930ರ ದಶಕದ ಕೊನೆಯಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಚಕ್ರ ಇದು. ತಿರುಳಿನ ಜಲಜನಕ ಮುಗಿದಾಗ ತಿರುಳು ಕುಗ್ಗಿ ಕಾಯುತ್ತದೆ, ಹೊದಿಕೆ ಹಿಗ್ಗಿ ತಣಿಯುತ್ತದೆ, ನಕ್ಷತ್ರ ಕೆಂಪಗಾಗುತ್ತದೆ. ಉಷ್ಣತೆ ಹತ್ತು ಕೋಟಿ ಕೆಲ್ವಿನ್ ದಾಟಿದ ಮೇಲೆ ಮೂರು ಹೀಲಿಯಂ ಬೀಜಗಳು ಸೇರಿ ಇಂಗಾಲವಾಗುತ್ತವೆ. ಇಂಗಾಲಕ್ಕೆ ಇನ್ನೊಂದು ಹೀಲಿಯಂ ಸೇರಿದರೆ ಆಮ್ಲಜನಕ. ಇಲ್ಲಿಯವರೆಗಿನ ಕತೆ ಹಗುರ ನಕ್ಷತ್ರಕ್ಕೂ ಭಾರದ ನಕ್ಷತ್ರಕ್ಕೂ ಹೆಚ್ಚುಕಡಿಮೆ ಒಂದೇ.

ದಾರಿ ಕವಲೊಡೆಯುವುದು ಹೀಲಿಯಂ ಮುಗಿದ ಮೇಲೆ. ಆಗ ನಕ್ಷತ್ರದ ನಟ್ಟನಡುವೆ ಇಂಗಾಲ ಮತ್ತು ಆಮ್ಲಜನಕದ ತಿರುಳು ಇರುತ್ತದೆ. ಅದರ ಸುತ್ತ ಹೀಲಿಯಂ ಪದರ, ಅದರ ಹೊರಗೆ ಜಲಜನಕದ ವಿಶಾಲ ಹೊದಿಕೆ. ಹೊದಿಕೆಯಲ್ಲಿ ಅನಿಲ ಮೇಲಕ್ಕೂ ಕೆಳಕ್ಕೂ ಸದಾ ಕದಡುತ್ತಿರುತ್ತದೆ. ಮಧ್ಯಮ ಭಾರದ ನಕ್ಷತ್ರಗಳಲ್ಲಿ ಈ ಕದಡುವ ವಲಯ ಒಳಕ್ಕೆ ಇಳಿಯುತ್ತ ಹೀಲಿಯಂ ಪದರವನ್ನೇ ಕೊರೆಯತೊಡಗುತ್ತದೆ. ಒಳಗಿನ ಹೀಲಿಯಂ ಮೇಲಕ್ಕೆ ಎತ್ತಲ್ಪಟ್ಟು ಹೊದಿಕೆಯಲ್ಲಿ ಬೆರೆತುಹೋಗುತ್ತದೆ. ಇದನ್ನು ಎರಡನೆಯ ಹೂಳೆತ್ತುವಿಕೆ ಎನ್ನಬಹುದು. ಇದರ ಪರಿಣಾಮ ನಾಟಕೀಯ: ಎರಡು ಸೌರರಾಶಿಗೂ ಮಿಕ್ಕಿದ್ದ ಹೀಲಿಯಂ ತಿರುಳು 1.4 ಸೌರರಾಶಿಗಿಂತ ಕೆಳಕ್ಕೆ ಇಳಿಯುತ್ತದೆ. ನಕ್ಷತ್ರದ ಹಣೆಬರಹ ಬಹುಮಟ್ಟಿಗೆ ಈ ಹಂತದಲ್ಲಿ ತೀರ್ಮಾನವಾಗುತ್ತದೆ. ಹೂಳೆತ್ತುವಿಕೆ ನಡೆಯದಿದ್ದರೆ ಆ ತಿರುಳು ಕಬ್ಬಿಣದವರೆಗೂ ಸಾಗಬಲ್ಲದಾಗಿತ್ತು.

ಮುಂದಿನದನ್ನು ತಿಳಿಯಲು ವಸ್ತುವಿನ ಒಂದು ವಿಶೇಷ ಸ್ಥಿತಿಯ ಪರಿಚಯ ಬೇಕು. ಸಾಮಾನ್ಯ ಅನಿಲದಲ್ಲಿ ಒತ್ತಡ ಉಷ್ಣತೆಯನ್ನು ಅವಲಂಬಿಸುತ್ತದೆ. ತಿರುಳು ಹೆಚ್ಚು ಕಾದರೆ ಅದು ಹಿಗ್ಗುತ್ತದೆ, ಹಿಗ್ಗಿದರೆ ತಣಿಯುತ್ತದೆ. ಹೀಗೆ ಉರಿ ತನ್ನನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ. ಆದರೆ ಒಂದು ಘನ ಸೆಂಟಿಮೀಟರಿನಲ್ಲಿ ನೂರಾರು ಕಿಲೋಗ್ರಾಂ ತುಂಬುವಷ್ಟು ಸಾಂದ್ರತೆ ಬಂದಾಗ ಎಲೆಕ್ಟ್ರಾನುಗಳ ನಡವಳಿಕೆ ಬದಲಾಗುತ್ತದೆ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಕೂಡದೆಂಬ ಪೌಲಿಯ ನಿಯಮದಿಂದಾಗಿ, ಜಾಗ ಕಿರಿದಾದಷ್ಟೂ ಅವು ಹೆಚ್ಚು ಹೆಚ್ಚು ವೇಗದ ಸ್ಥಿತಿಗಳಿಗೆ ಏರಬೇಕಾಗುತ್ತದೆ. ಅದರಿಂದ ಹುಟ್ಟುವ ಒತ್ತಡಕ್ಕೂ ಉಷ್ಣತೆಗೂ ಹೆಚ್ಚಿನ ಸಂಬಂಧವಿಲ್ಲ. ಇದಕ್ಕೆ ಡಿಜೆನರೇಟ್ ಸ್ಥಿತಿ ಎಂದು ಹೆಸರು. ಈ ಸ್ಥಿತಿಯ ತಿರುಳಿನಲ್ಲಿ ಉರಿ ಹತ್ತಿದರೆ ಹಿಗ್ಗಿ ತಣಿಯುವ ರಕ್ಷಣೆ ಕೂಡಲೇ ಒದಗುವುದಿಲ್ಲ. ಉರಿ ಭಗ್ಗನೆ ಏರುತ್ತದೆ.

ಇಂಗಾಲ–ಆಮ್ಲಜನಕದ ತಿರುಳು ಸುಮಾರು 1.06 ಸೌರರಾಶಿಯನ್ನು ಮುಟ್ಟದಿದ್ದರೆ ಇಂಗಾಲ ಹೊತ್ತಿಕೊಳ್ಳುವುದೇ ಇಲ್ಲ. ಮುಟ್ಟಿದರೆ ಹೊತ್ತಿಕೊಳ್ಳುತ್ತದೆ, ಆದರೆ ನಡುವಿನಲ್ಲಿ ಅಲ್ಲ. ತಿರುಳಿನ ಅತ್ಯಂತ ಸಾಂದ್ರ ಭಾಗದಲ್ಲಿ ನ್ಯೂಟ್ರಿನೊಗಳು ಹೇರಳವಾಗಿ ಹುಟ್ಟಿ, ಯಾವ ಅಡ್ಡಿಯೂ ಇಲ್ಲದೆ ಹೊರಗೆ ಹಾರಿ, ಶಾಖವನ್ನು ಹೊತ್ತೊಯ್ಯುತ್ತವೆ. ಆದ್ದರಿಂದ ನಡುಭಾಗ ತುಸು ತಂಪು, ಅದರಿಂದ ಸ್ವಲ್ಪ ಹೊರಗಿನ ಪದರ ಹೆಚ್ಚು ಬಿಸಿ. ಅರವತ್ತು–ಎಪ್ಪತ್ತು ಕೋಟಿ ಕೆಲ್ವಿನ್ನಿನಲ್ಲಿ ಆ ಪದರದಲ್ಲಿ ಇಂಗಾಲ ಹೊತ್ತಿ, ಮೊದಲೊಂದು ಭುಗಿಲು ಎದ್ದು, ಬಳಿಕ ತೆಳುವಾದ ಜ್ವಾಲೆಯೊಂದು ಒಳಮುಖವಾಗಿ ತೆವಳುತ್ತದೆ. ಆ ಜ್ವಾಲೆ ಕೇಂದ್ರವನ್ನು ತಲುಪಲು ಸಾವಿರಾರು ವರ್ಷ ಬೇಕು. ಅದು ಹಾದುಹೋದ ಮೇಲೆ ಉಳಿಯುವುದು ಹೊಸ ಬಗೆಯ ತಿರುಳು: ಅರ್ಧಕ್ಕಿಂತ ಹೆಚ್ಚು ಆಮ್ಲಜನಕ, ಸುಮಾರು ಮೂರನೆಯ ಒಂದು ಪಾಲು ನಿಯಾನ್, ಜತೆಗೆ ಸ್ವಲ್ಪ ಸೋಡಿಯಂ ಮತ್ತು ಮೆಗ್ನೀಸಿಯಂ. ನಿಯಾನ್ ಹೊತ್ತಿಕೊಳ್ಳಬೇಕಾದರೆ ತಿರುಳಿಗೆ ಸುಮಾರು 1.37 ಸೌರರಾಶಿ ಬೇಕು. 1.06 ಮತ್ತು 1.37 ಎಂಬ ಎರಡು ಸಂಖ್ಯೆಗಳ ನಡುವೆ ಈ ನಕ್ಷತ್ರಗಳ ಅರ್ಧ ಕತೆ ಅಡಗಿದೆ.

ಇಂಥ ತಿರುಳನ್ನು ಹೊತ್ತ ಕೆಂಪು ದೈತ್ಯಗಳನ್ನು ಸೂಪರ್ ಎ.ಜಿ.ಬಿ. ನಕ್ಷತ್ರಗಳು ಎನ್ನುತ್ತಾರೆ. ಇವುಗಳ ವಿಕಾಸವನ್ನು ಮೊದಲಿನಿಂದ ಕೊನೆಯವರೆಗೆ ಹಂತಹಂತವಾಗಿ ಲೆಕ್ಕ ಹಾಕಿದ ಕೀರ್ತಿ ಮುಖ್ಯವಾಗಿ ಐಕೊ ಐಬೆನ್, ಎನ್ರಿಕೆ ಗಾರ್ಸಿಯಾ–ಬೆರೊ ಮತ್ತು ಕ್ಲೌಡಿಯೊ ರಿತೋಸ್ಸಾ ಅವರದು. ಅವರ ಪ್ರಬಂಧಮಾಲೆ 1990ರ ದಶಕದ ಉದ್ದಕ್ಕೂ ಪ್ರಕಟವಾಯಿತು. ಇವುಗಳ ಕಾಂತಿ ಸೂರ್ಯನ ಸುಮಾರು ಒಂದು ಲಕ್ಷ ಪಟ್ಟು, ತ್ರಿಜ್ಯ ಸಾವಿರ ಪಟ್ಟು, ಅಂದರೆ ಸುಮಾರು 70 ಕೋಟಿ ಕಿಲೋಮೀಟರ್. ಸೂರ್ಯನ ಜಾಗದಲ್ಲಿ ಇಂಥದೊಂದನ್ನು ಇಟ್ಟರೆ ಮಂಗಳನ ಕಕ್ಷೆಯನ್ನು ದಾಟಿ ಗುರುಗ್ರಹದ ಕಕ್ಷೆಯ ಸಮೀಪಕ್ಕೆ ಬರುತ್ತದೆ. ಆದರೆ ಒಳಗಿನ ತಿರುಳಿನ ತ್ರಿಜ್ಯ ಎರಡು ಸಾವಿರ ಕಿಲೋಮೀಟರಿನ ಆಸುಪಾಸು ಮಾತ್ರ. ಅರ್ಧ ಕಿಲೋಮೀಟರ್ ಅಗಲದ ಬಯಲಿನ ನಡುವೆ ಒಂದು ರಾಗಿಕಾಳು ಬಿದ್ದಿದ್ದರೆ ಎಷ್ಟೋ, ಆ ನಕ್ಷತ್ರದೊಳಗೆ ಆ ತಿರುಳು ಅಷ್ಟು. ನಕ್ಷತ್ರದ ಭವಿಷ್ಯವನ್ನು ಆಳುವುದು ಆ ಕಾಳೇ.

ತಿರುಳಿನ ಮೇಲ್ಮೈಯಲ್ಲಿ ಎರಡು ತೆಳು ಪದರಗಳಲ್ಲಿ ಉರಿ ಮುಂದುವರಿಯುತ್ತದೆ: ಹೊರಗೆ ಜಲಜನಕ, ಒಳಗೆ ಹೀಲಿಯಂ. ಹೀಲಿಯಂ ಉರಿ ನಿರಂತರವಾಗಿ ನಡೆಯುವುದಿಲ್ಲ. ಆಗಾಗ ಭುಗಿಲೆದ್ದು ಅಡಗುತ್ತದೆ. ಒಂದು ನಕ್ಷತ್ರದಲ್ಲಿ ಇಂಥ ನೂರಾರು, ಕೆಲವೊಮ್ಮೆ ಸಾವಿರಾರು ಮಿಡಿತಗಳು ನಡೆಯಬಹುದು. ಪ್ರತಿ ಮಿಡಿತದ ಬೂದಿ ತಿರುಳಿಗೆ ಸೇರಿ ಅದು ಅಷ್ಟಷ್ಟೇ ಬೆಳೆಯುತ್ತದೆ. ಅದೇ ಹೊತ್ತಿನಲ್ಲಿ ಹೊರಮೈಯಿಂದ ಗಾಳಿಯಂತೆ ಬೀಸುವ ಅನಿಲ ಮತ್ತು ದೂಳು ಹೊದಿಕೆಯನ್ನು ಕರಗಿಸುತ್ತಿರುತ್ತವೆ. ವರ್ಷಕ್ಕೆ ಒಂದು ಸೌರರಾಶಿಯ ಲಕ್ಷದ ಒಂದು ಪಾಲಿನಿಂದ ಹತ್ತುಸಾವಿರದ ಒಂದು ಪಾಲಿನವರೆಗೆ ನಷ್ಟವಾಗುತ್ತದೆ. ಹಾಗಾಗಿ ಈ ಹಂತಕ್ಕೆ ಸಿಗುವ ಕಾಲ ಹತ್ತು ಸಾವಿರದಿಂದ ಲಕ್ಷ ವರ್ಷದ ಆಸುಪಾಸು ಮಾತ್ರ. ಹೊದಿಕೆ ಮುಗಿಯುವ ಮುನ್ನ ತಿರುಳು 1.37ರ ಗಡಿ ಮುಟ್ಟುತ್ತದೆಯೇ ಎಂಬುದು ಒಂದು ಪಂದ್ಯ. ಬಹುಪಾಲು ನಕ್ಷತ್ರಗಳಲ್ಲಿ ಗಾಳಿಯೇ ಗೆಲ್ಲುತ್ತದೆ.

ಗಾಳಿ ಗೆದ್ದಾಗ ಹೊದಿಕೆ ಚದುರಿಹೋಗಿ ಆಮ್ಲಜನಕ–ನಿಯಾನ್ ಶ್ವೇತಕುಬ್ಜ ಉಳಿಯುತ್ತದೆ. ಅದರ ದ್ರವ್ಯರಾಶಿ ಸುಮಾರು 1.1ರಿಂದ 1.35 ಸೌರರಾಶಿ, ಗಾತ್ರ ಭೂಮಿಗಿಂತಲೂ ಚಿಕ್ಕದು. ಸಾಮಾನ್ಯ ಶ್ವೇತಕುಬ್ಜಗಳ ದ್ರವ್ಯರಾಶಿ ಸುಮಾರು 0.6 ಸೌರರಾಶಿ ಎಂಬುದನ್ನು ನೆನೆದರೆ ಇವು ತಮ್ಮ ಕುಲದಲ್ಲೇ ಬೇರೆಯಾಗಿ ನಿಲ್ಲುತ್ತವೆ. ಹೊರಗೆ ತೆಳ್ಳನೆಯ ಜಲಜನಕದ ಪರದೆ ಇರುವುದರಿಂದ ಒಳಗಿನ ನಿಯಾನನ್ನು ನೇರವಾಗಿ ನೋಡಲಾಗದು. ಅದನ್ನು ತೋರಿಸಿಕೊಟ್ಟದ್ದು ನೋವಾಗಳು. ಜೋಡಿ ನಕ್ಷತ್ರದಿಂದ ಶ್ವೇತಕುಬ್ಜದ ಮೇಲೆ ಸುರಿದ ಜಲಜನಕ ಒಮ್ಮೆಲೇ ಹೊತ್ತಿಕೊಂಡಾಗ ಮೇಲ್ಮೈಯ ಸ್ವಲ್ಪ ವಸ್ತು ಹೊರಗೆ ಎಸೆಯಲ್ಪಡುತ್ತದೆ; ಅದರಲ್ಲಿ ತಿರುಳಿನ ಅಂಶವೂ ಬೆರೆತಿರುತ್ತದೆ. ಹಂಸ ನಕ್ಷತ್ರಪುಂಜದಲ್ಲಿ 1992ರಲ್ಲಿ ಕಾಣಿಸಿಕೊಂಡ ನೋವಾದ ರೋಹಿತದಲ್ಲಿ ನಿಯಾನ್ ರೇಖೆಗಳು ಅಸಾಧಾರಣವಾಗಿ ಪ್ರಬಲವಾಗಿದ್ದವು. ಇಂಥವನ್ನು ನಿಯಾನ್ ನೋವಾಗಳೆಂದೇ ಕರೆಯುತ್ತಾರೆ. ಇಂಗಾಲ ಉರಿದು ಮುಗಿದ ತಿರುಳುಗಳು ನಿಜಕ್ಕೂ ಇವೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಹುಡುಕುವುದು ಕಷ್ಟ.

ತಿರುಳು ಗೆದ್ದಾಗ ಏನಾಗುತ್ತದೆ? ಉತ್ತರದ ಬೇರು 1930ರಲ್ಲಿದೆ. ಆ ವರ್ಷ ಬೊಂಬಾಯಿಯಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಡಿಜೆನರೇಟ್ ಎಲೆಕ್ಟ್ರಾನುಗಳ ಒತ್ತಡಕ್ಕೆ ಸಾಪೇಕ್ಷತಾ ಸಿದ್ಧಾಂತವನ್ನು ಅನ್ವಯಿಸಿ ಲೆಕ್ಕ ಹಾಕಿದರು. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸಿದಂತೆ ಅವುಗಳ ಒತ್ತಡ ಗುರುತ್ವವನ್ನು ತಡೆಯಲು ಸಾಲದಾಗುತ್ತದೆ. ಆದ್ದರಿಂದ ಶ್ವೇತಕುಬ್ಜದ ದ್ರವ್ಯರಾಶಿಗೆ ಮೇಲ್ಮಿತಿ ಇರಲೇಬೇಕು. ಇಂದು ಒಪ್ಪಿರುವ ಬೆಲೆ ಸುಮಾರು 1.44 ಸೌರರಾಶಿ. ಆರ್ಥರ್ ಎಡಿಂಗ್ಟನ್ 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ ಇದನ್ನು ಬಹಿರಂಗವಾಗಿ ಅಲ್ಲಗಳೆದರು. ಆ ವಿರೋಧದಿಂದ ಈ ಕ್ಷೇತ್ರದ ಬೆಳವಣಿಗೆಗೆ ಆದ ನಷ್ಟ ಸಣ್ಣದಲ್ಲ. ಚಂದ್ರಶೇಖರ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ.

ಆ ಮಿತಿಯ ಸೂತ್ರದಲ್ಲಿ ಒಂದು ಸೂಕ್ಷ್ಮವಿದೆ, ಮಧ್ಯಮ ಭಾರದ ನಕ್ಷತ್ರಗಳ ಮಟ್ಟಿಗೆ ಅದೇ ಮುಖ್ಯ. ಮಿತಿಯು ಪ್ರತಿ ಪ್ರೋಟಾನ್–ನ್ಯೂಟ್ರಾನಿಗೆ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದರ ವರ್ಗಕ್ಕೆ ಅನುಗುಣವಾಗಿರುತ್ತದೆ. 1.44 ಎಂಬ ಬೆಲೆ ಎರಡು ಕಣಕ್ಕೆ ಒಂದು ಎಲೆಕ್ಟ್ರಾನ್ ಇರುವಾಗಿನದು. ಎಲೆಕ್ಟ್ರಾನುಗಳು ಕಡಿಮೆಯಾದರೆ ಮಿತಿಯೇ ಕೆಳಗಿಳಿಯುತ್ತದೆ. ಆಮ್ಲಜನಕ–ನಿಯಾನ್ ತಿರುಳಿನಲ್ಲಿ ನಡೆಯುವುದು ಅದೇ. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ನಾಲ್ಕು ಸಾವಿರ ಟನ್ ಆದಾಗ ಎಲೆಕ್ಟ್ರಾನುಗಳ ಶಕ್ತಿ ಎಷ್ಟು ಏರಿರುತ್ತದೆಂದರೆ ಮೆಗ್ನೀಸಿಯಂ-24ರ ಬೀಜ ಎಲೆಕ್ಟ್ರಾನನ್ನು ನುಂಗಿ ಸೋಡಿಯಂ-24 ಆಗುತ್ತದೆ, ಮತ್ತೊಂದನ್ನು ನುಂಗಿ ನಿಯಾನ್-24 ಆಗುತ್ತದೆ. ತಿರುಳು ಇನ್ನಷ್ಟು ಕುಗ್ಗಿ ಸಾಂದ್ರತೆ ಹತ್ತು ಸಾವಿರ ಟನ್ನಿನ ಸಮೀಪಕ್ಕೆ ಬಂದಾಗ ನಿಯಾನ್-20ರ ಸರದಿ: ಅದು ಫ್ಲೋರಿನ್-20 ಆಗಿ, ಅಲ್ಲಿಂದ ಆಮ್ಲಜನಕ-20 ಆಗುತ್ತದೆ. ತಿರುಳನ್ನು ಹೊತ್ತು ನಿಂತ ಎಲೆಕ್ಟ್ರಾನುಗಳೇ ಹೀಗೆ ಮಾಯವಾಗುತ್ತಿದ್ದರೆ ಆಸರೆ ಎಲ್ಲಿಂದ ಬರಬೇಕು? ಮಿಯಾಜಿ, ನೊಮೊಟೊ, ಯೊಕೊಯಿ ಮತ್ತು ಸುಗಿಮೊಟೊ ಎಂಬ ಜಪಾನಿನ ನಾಲ್ವರು ವಿಜ್ಞಾನಿಗಳು 1980ರಲ್ಲಿ ಈ ದಾರಿಯನ್ನು ವಿವರಿಸಿದರು. ಕೆನ್‌ಇಚಿ ನೊಮೊಟೊ 1980ರ ದಶಕದಲ್ಲಿ ಅದನ್ನು ವಿಸ್ತರಿಸಿ, ತಿರುಳು ಸುಮಾರು 1.375 ಸೌರರಾಶಿ ಮುಟ್ಟಿದಾಗ ಇದು ಘಟಿಸುತ್ತದೆಂದು ತೋರಿಸಿದರು. ಇದರ ಹೆಸರು ಎಲೆಕ್ಟ್ರಾನ್ ಗ್ರಹಣದ ಸೂಪರ್ನೋವಾ. ಗ್ರಹಣ ಎಂದರೆ ಇಲ್ಲಿ ಬೀಜವು ಎಲೆಕ್ಟ್ರಾನನ್ನು ಹಿಡಿದುಕೊಳ್ಳುವುದು.

ಕುಸಿತಕ್ಕೆ ಎದುರಾಗಿ ಇನ್ನೊಂದು ಶಕ್ತಿಯೂ ಕೆಲಸ ಮಾಡುತ್ತದೆ. ಎಲೆಕ್ಟ್ರಾನ್ ಗ್ರಹಣದಿಂದ ಶಾಖವೂ ಹುಟ್ಟುತ್ತದೆ. ಆ ಶಾಖದಿಂದ ಆಮ್ಲಜನಕ ಹೊತ್ತಿ ಜ್ವಾಲೆ ಹೊರಮುಖವಾಗಿ ಹರಡತೊಡಗುತ್ತದೆ. ಜ್ವಾಲೆ ವೇಗವಾಗಿ ಹರಡಿದರೆ ತಿರುಳನ್ನೇ ಒಡೆಯಬಹುದು. ಆದರೆ ಜ್ವಾಲೆಯ ಹಿಂದೆ ಉಳಿದ ಬೂದಿಯಲ್ಲಿ ಎಲೆಕ್ಟ್ರಾನ್ ಗ್ರಹಣ ಇನ್ನೂ ಬಿರುಸಾಗಿ ನಡೆಯುತ್ತದೆ. ಯಾವುದು ಮೇಲುಗೈ ಪಡೆಯುತ್ತದೆ ಎಂಬುದು ಜ್ವಾಲೆ ಹೊತ್ತುವ ಕ್ಷಣದ ಸಾಂದ್ರತೆಗೆ ಬಿಟ್ಟದ್ದು. ಸಾಂದ್ರತೆ ಹೆಚ್ಚಿದ್ದರೆ ಕುಸಿತ. ಸ್ವಲ್ಪ ಕಡಿಮೆಯಿದ್ದರೆ ಭಾಗಶಃ ಸ್ಫೋಟ: ತಿರುಳಿನ ಒಂದು ಪಾಲು ಹಾರಿಹೋಗಿ, ಆಮ್ಲಜನಕ, ನಿಯಾನ್ ಮತ್ತು ಕಬ್ಬಿಣ ಬೆರೆತ ವಿಚಿತ್ರ ಶ್ವೇತಕುಬ್ಜವೊಂದು ಉಳಿಯುತ್ತದೆ. ಸ್ಯಾಮ್ ಜೋನ್ಸ್ ಮತ್ತು ಸಂಗಡಿಗರು 2016ರಲ್ಲಿ ಮೂರು ಆಯಾಮಗಳಲ್ಲಿ ಮಾಡಿದ ಗಣಕ ಲೆಕ್ಕಗಳು ಈ ಎರಡೂ ಫಲಗಳನ್ನು ತೋರಿಸಿದವು. ಹೀಗಾಗಿ ತೀರ್ಪು ಸೋಡಿಯಂ-23ರಂಥ ಅಲ್ಪಾಂಶಗಳ ಮೇಲೂ ನಿಂತಿದೆ. ಅದರ ಬೀಜಗಳು ಎಲೆಕ್ಟ್ರಾನನ್ನು ನುಂಗುತ್ತ ಉಗುಳುತ್ತ ಪ್ರತಿ ಬಾರಿಯೂ ಒಂದು ನ್ಯೂಟ್ರಿನೊ ಅಥವಾ ಪ್ರತಿನ್ಯೂಟ್ರಿನೊವನ್ನು ಹೊರಗೆ ಕಳಿಸಿ ತಿರುಳನ್ನು ತಣಿಸುತ್ತವೆ; ಜ್ವಾಲೆ ಯಾವ ಸಾಂದ್ರತೆಯಲ್ಲಿ ಹೊತ್ತುತ್ತದೆ ಎಂಬುದು ಇದರಿಂದ ಬದಲಾಗಬಹುದು. ಜಾರ್ಜ್ ಗ್ಯಾಮೊ ಮತ್ತು ಮಾರಿಯೊ ಶೆನ್‌ಬರ್ಗ್ 1941ರಲ್ಲಿ ವಿವರಿಸಿದ ಈ ಕ್ರಿಯೆಗೆ ರಿಯೊ ಡಿ ಜನೈರೊ ನಗರದ ಉರ್ಕಾ ಜೂಜುಕೇಂದ್ರದ ಹೆಸರೇ ಅಂಟಿಕೊಂಡಿದೆ.

ಕುಸಿತವೇ ಮೇಲುಗೈ ಪಡೆದರೆ ಮುಂದಿನದು ಒಂದು ಸೆಕೆಂಡಿನೊಳಗಿನ ಮಾತು. ತಿರುಳು ಒಳಕ್ಕೆ ಬೀಳುತ್ತ, ಘನ ಸೆಂಟಿಮೀಟರಿಗೆ 27 ಕೋಟಿ ಟನ್ ತೂಗುವ ಬೈಜಿಕ ಸಾಂದ್ರತೆಯನ್ನು ಮುಟ್ಟಿ, ಅಲ್ಲಿ ಥಟ್ಟನೆ ಗಟ್ಟಿಯಾಗಿ ಪುಟಿಯುತ್ತದೆ. ಪುಟಿತದಿಂದ ಎದ್ದ ಆಘಾತ ತರಂಗ ಹೊರಕ್ಕೆ ಹೊರಡುತ್ತದೆ. ಭಾರದ ನಕ್ಷತ್ರಗಳ ಕಬ್ಬಿಣದ ತಿರುಳಿನಲ್ಲಿ ಈ ತರಂಗ ನೂರಿನ್ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಮೇಲಿನಿಂದ ಬೀಳುತ್ತಿರುವ ವಸ್ತುವಿನ ಭಾರಕ್ಕೆ ಸೋತು ನಿಂತುಬಿಡುತ್ತದೆ. ಅದನ್ನು ಮತ್ತೆ ಎಬ್ಬಿಸುವುದು ಹೇಗೆಂಬ ಪ್ರಶ್ನೆ ದಶಕಗಳ ಕಾಲ ಗಣಕಗಳನ್ನು ಕಾಡಿತು. ಆಮ್ಲಜನಕ–ನಿಯಾನ್ ತಿರುಳಿಗೆ ಆ ಕಷ್ಟವಿಲ್ಲ. ತಿರುಳಿನ ಅಂಚು ಮುಗಿಯುತ್ತಲೇ ಸಾಂದ್ರತೆ ಕಡಿದಾಗಿ ಇಳಿಯುತ್ತದೆ, ಮೇಲಿನಿಂದ ಬೀಳುವ ವಸ್ತು ಬೇಗ ಬತ್ತುತ್ತದೆ, ಹೊಸದಾಗಿ ಹುಟ್ಟಿದ ನ್ಯೂಟ್ರಾನ್ ನಕ್ಷತ್ರದಿಂದ ಹೊಮ್ಮುವ ನ್ಯೂಟ್ರಿನೊಗಳ ಶಾಖವೇ ತರಂಗವನ್ನು ಹೊರದೂಡಲು ಸಾಕಾಗುತ್ತದೆ. ಫ್ರಾನ್ಸಿಸ್ಕೊ ಕಿಟೌರಾ, ಹ್ಯಾನ್ಸ್–ಥಾಮಸ್ ಯಾಂಕಾ ಮತ್ತು ವೋಲ್ಫ್‌ಗಾಂಗ್ ಹಿಲೆಬ್ರಾಂಟ್ 2006ರಲ್ಲಿ ಇಂಥ ತಿರುಳು ತೀರ ಸರಳವಾದ ಗೋಳಾಕಾರದ ಲೆಕ್ಕದಲ್ಲಿಯೂ ತಾನಾಗಿಯೇ ಸಿಡಿಯುತ್ತದೆಂದು ತೋರಿಸಿದರು. ಸ್ಫೋಟ ಮಾತ್ರ ಮೆತ್ತಗಿನದು. ಸಾಮಾನ್ಯ ಸೂಪರ್ನೋವಾದ ಚಲನಶಕ್ತಿ 10ರ 44ನೆಯ ಘಾತದಷ್ಟು ಜೂಲ್ ಇದ್ದರೆ ಇಲ್ಲಿ ಅದರ ಹತ್ತನೆಯ ಒಂದು ಪಾಲು. ಸೂಪರ್ನೋವಾಗಳ ಬಾಲದ ಬೆಳಕಿಗೆ ಇಂಧನವಾಗುವ ವಿಕಿರಣಶೀಲ ನಿಕ್ಕಲ್-56 ಇಲ್ಲಿ ಹುಟ್ಟುವುದು ಒಂದು ಸೌರರಾಶಿಯ ಸಾವಿರದ ಕೆಲವೇ ಪಾಲು. 1987ರಲ್ಲಿ ದೊಡ್ಡ ಮೆಗಲಾನಿಕ್ ಮೇಘದಲ್ಲಿ ಸಿಡಿದ ಪ್ರಸಿದ್ಧ ಸೂಪರ್ನೋವಾದಲ್ಲಿ ಅದು ನೂರರ ಏಳು ಪಾಲು ಇತ್ತು.

ತಿರುಳು ಆರಂಭದಲ್ಲೇ 1.37ನ್ನು ಮೀರಿದ್ದರೆ ಮೂರನೆಯ ದಾರಿ ತೆರೆಯುತ್ತದೆ. ನಿಯಾನ್ ಹೊತ್ತುತ್ತದೆ, ಅದೂ ಕೇಂದ್ರದಿಂದ ಆಚೆಗೆ. ಬಳಿಕ ಆಮ್ಲಜನಕ, ಸಿಲಿಕಾನ್. ಹತ್ತು ಸೌರರಾಶಿಯ ಆಸುಪಾಸಿನ ಕೆಲವು ನಕ್ಷತ್ರಗಳಲ್ಲಿ ಸಿಲಿಕಾನ್ ಎಷ್ಟು ರಭಸದಿಂದ ಭುಗಿಲೇಳುತ್ತದೆ ಎಂದರೆ, ಕುಸಿತಕ್ಕೆ ಮೊದಲೇ ಹೊದಿಕೆಯನ್ನು ಕಿತ್ತೆಸೆಯಬಲ್ಲದು ಎಂದು ಸ್ಟಾನ್ ವೂಸ್ಲಿ ಮತ್ತು ಅಲೆಕ್ಸಾಂಡರ್ ಹೇಗರ್ 2015ರಲ್ಲಿ ಲೆಕ್ಕ ಕೊಟ್ಟರು. ಕೊನೆಗೆ ಚಿಕ್ಕದೊಂದು ಕಬ್ಬಿಣದ ತಿರುಳು ಕುಸಿಯುತ್ತದೆ. ಅದರ ಹೊರ ಅಂಚೂ ಕಡಿದಾಗಿರುವುದರಿಂದ ಆ ಸ್ಫೋಟವೂ ಸೌಮ್ಯವೇ. ಹೊರಗಿನಿಂದ ನೋಡುವವರಿಗೆ ಎಲೆಕ್ಟ್ರಾನ್ ಗ್ರಹಣದ ಸ್ಫೋಟಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಸುಲಭವಲ್ಲ.

ಈ ಮೂರು ದಾರಿಗಳ ನಡುವಿನ ಗಡಿಗಳು ಎಲ್ಲಿ ಬೀಳುತ್ತವೆ? ಅನಿಲ ಕದಡುವ ವಲಯದ ಅಂಚನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ ಎಂಬುದರ ಮೇಲೆ ಅವು ಒಂದು ಸೌರರಾಶಿಯಷ್ಟು ಅತ್ತಿತ್ತ ಜರುಗುತ್ತವೆ. ಗಡಿ ಎಲ್ಲೇ ಬಿದ್ದರೂ ಪಟ್ಟಿಯ ಅಗಲ ಮಾತ್ರ ಕಿರಿದು. ಅರೆಂಡ್–ಯಾನ್ ಪುಲರೆಂಡ್ಸ್ ಮತ್ತು ಸಂಗಡಿಗರ 2008ರ ಲೆಕ್ಕದಲ್ಲಿ ಎಲೆಕ್ಟ್ರಾನ್ ಗ್ರಹಣದ ಸ್ಫೋಟಕ್ಕೆ ಸಿಕ್ಕ ಕಿಂಡಿ 9ರಿಂದ 9.25 ಸೌರರಾಶಿ. ಆಸ್ಟ್ರೇಲಿಯಾದ ಕ್ಯಾರೊಲಿನ್ ಡೊಹರ್ಟಿ ಮತ್ತು ಸಂಗಡಿಗರು 2015ರಲ್ಲಿ ಇನ್ನೂ ಕಿರಿದಾದ ಕಿಂಡಿಯನ್ನು ಕಂಡು, ತಿರುಳು ಕುಸಿಯುವ ಸೂಪರ್ನೋವಾಗಳಲ್ಲಿ ಇವುಗಳ ಪಾಲು ಶೇಕಡ 2ರಿಂದ 5 ಮಾತ್ರ ಎಂದರು. ಒಂಟಿ ನಕ್ಷತ್ರಗಳ ಮಟ್ಟಿಗೆ ಇದು ಸರಿಯಿರಬಹುದು. ಆದರೆ ಭಾರದ ನಕ್ಷತ್ರಗಳಲ್ಲಿ ಬಹಳಷ್ಟು ಜೋಡಿಯಲ್ಲೇ ಬದುಕುತ್ತವೆ. ಸಂಗಾತಿಯು ಹೊದಿಕೆಯನ್ನು ಮೊದಲೇ ಸೆಳೆದುಕೊಂಡುಬಿಟ್ಟರೆ ಹೀಲಿಯಂ ತಿರುಳನ್ನು ಕೊರೆಯಲು ಹೊದಿಕೆಯೇ ಇರುವುದಿಲ್ಲ. ತಿರುಳು ಚಿಕ್ಕದಾಗುವುದಿಲ್ಲ, ಕಿಂಡಿ ಅಗಲವಾಗುತ್ತದೆ. ಫಿಲಿಪ್ ಪೊಡ್ಸಿಯಾಡ್ಲೊವ್ಸ್ಕಿ ಮತ್ತು ಸಂಗಡಿಗರು 2004ರಲ್ಲಿ ಎತ್ತಿ ಹೇಳಿದ ಈ ಅಂಶ ಇಡೀ ವಿಷಯದ ದಿಕ್ಕನ್ನೇ ಬದಲಿಸಿತು. ಜೋಡಿಯಲ್ಲಿ ಮತ್ತೊಂದು ಸಾಧ್ಯತೆಯೂ ಇದೆ: ಶ್ವೇತಕುಬ್ಜವಾಗಿ ಉಳಿದಿದ್ದ ಆಮ್ಲಜನಕ–ನಿಯಾನ್ ತಿರುಳು ಸಂಗಾತಿಯಿಂದ ವಸ್ತುವನ್ನು ಪಡೆದು ಬೆಳೆಯುತ್ತ, ಬಹುಕಾಲದ ನಂತರ ಅದೇ ಮಿತಿಯನ್ನು ಮುಟ್ಟಿ ನ್ಯೂಟ್ರಾನ್ ನಕ್ಷತ್ರವಾಗಿ ಕುಸಿಯಬಹುದು.

ಆಕಾಶದಲ್ಲಿ ಇದಕ್ಕೆ ಸಾಕ್ಷ್ಯ ಹುಡುಕಿದವರ ಕಣ್ಣು ಮೊದಲು ಹೋದದ್ದು ವೃಷಭ ರಾಶಿಯ ಏಡಿ ನೀಹಾರಿಕೆಯ ಕಡೆಗೆ. 1054ರ ಜುಲೈ 4ರಂದು ಚೀನಾದ ಸೋಂಗ್ ಅರಸರ ಆಸ್ಥಾನದ ಖಗೋಳಜ್ಞರು ಅಲ್ಲಿ ಹೊಸ ‘ಅತಿಥಿ ನಕ್ಷತ್ರ’ವನ್ನು ಕಂಡರು. ಅದು 23 ದಿನ ಹಗಲಿನಲ್ಲೂ ಕಾಣುತ್ತಿತ್ತು, ರಾತ್ರಿಯಲ್ಲಿ 1056ರ ಏಪ್ರಿಲ್‌ವರೆಗೂ ಉಳಿಯಿತು. ಸುಮಾರು 6,500 ಜ್ಯೋತಿರ್ವರ್ಷ ದೂರದ ಆ ಸ್ಫೋಟದ ಅವಶೇಷ ಈಗ ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ. ನಡುವೆ ಸೆಕೆಂಡಿಗೆ 30 ಬಾರಿ ಸುತ್ತುವ ಪಲ್ಸಾರ್, ಅಂದರೆ ಮಿಡಿಯುವಂತೆ ಕಾಣುವ ನ್ಯೂಟ್ರಾನ್ ನಕ್ಷತ್ರ, ಇದೆ. ಅದು 1968ರಲ್ಲಿ ಪತ್ತೆಯಾಯಿತು. ಕಾಣುವ ವಸ್ತುವಿನ ಚಲನಶಕ್ತಿ ಸಾಮಾನ್ಯ ಸೂಪರ್ನೋವಾಕ್ಕಿಂತ ಬಹಳ ಕಡಿಮೆ. ಹೀಲಿಯಂ ಹೇರಳ, ಆಮ್ಲಜನಕ ವಿರಳ. ಕಬ್ಬಿಣಕ್ಕೆ ಹೋಲಿಸಿದರೆ ನಿಕ್ಕಲ್ ಹೆಚ್ಚು. ಇವೆಲ್ಲ ಎಲೆಕ್ಟ್ರಾನ್ ಗ್ರಹಣದ ಸ್ಫೋಟಕ್ಕೆ ಒಪ್ಪುತ್ತವೆಂದು ನೊಮೊಟೊ ಮತ್ತು ಸಂಗಡಿಗರು 1982ರಲ್ಲೇ ಸೂಚಿಸಿದ್ದರು. ಮೆತ್ತಗಿನ ಸ್ಫೋಟ ಹಗಲಲ್ಲಿ ಕಾಣುವಷ್ಟು ಬೆಳಗಿದ್ದು ಹೇಗೆ? ಸೂಪರ್ ಎ.ಜಿ.ಬಿ. ಹಂತದ ದಟ್ಟ ಗಾಳಿಗೆ ಸ್ಫೋಟದ ವಸ್ತು ಡಿಕ್ಕಿ ಹೊಡೆದಾಗ ಚಲನೆ ಬೆಳಕಾಗಿ ಬದಲಾಗುತ್ತದೆ ಎಂಬುದು ಒಂದು ಉತ್ತರ. ಎದುರು ವಾದವೂ ಬಲವಾಗಿಯೇ ಇದೆ. ಏಡಿಯ ಪಲ್ಸಾರ್ ಸೆಕೆಂಡಿಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಸರಿಯುತ್ತಿದೆ. ಎಲೆಕ್ಟ್ರಾನ್ ಗ್ರಹಣದ ಸ್ಫೋಟ ತನ್ನ ನ್ಯೂಟ್ರಾನ್ ನಕ್ಷತ್ರಕ್ಕೆ ಕೊಡಬಲ್ಲ ಒದೆತ ಕೆಲವೇ ಕಿಲೋಮೀಟರಿನದು ಎಂದು 2018ರ ಲೆಕ್ಕವೊಂದು ಹೇಳುತ್ತದೆ. ಹಾಗಾದರೆ ಏಡಿಯ ಮೂಲ ನಕ್ಷತ್ರ ಚಿಕ್ಕ ಕಬ್ಬಿಣದ ತಿರುಳಿನದಾಗಿರಲೂಬಹುದು. ಈ ವೇಗದ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ.

ಹೊರ ಗೆಲಾಕ್ಸಿಗಳಲ್ಲಿ ಮೂರು ಬಗೆಯ ಸುಳಿವುಗಳಿವೆ. ಎಂ74 ಗೆಲಾಕ್ಸಿಯಲ್ಲಿ 2003ರಲ್ಲಿ ಕಂಡ ಸೂಪರ್ನೋವಾದ ಮೂಲ ನಕ್ಷತ್ರ ಹಳೆಯ ಚಿತ್ರಗಳಲ್ಲಿ ಸಿಕ್ಕಿತು. ಅದು ಸುಮಾರು ಎಂಟು ಸೌರರಾಶಿಯ ಕೆಂಪು ದೈತ್ಯ. ಅಂದರೆ ಅಷ್ಟು ಹಗುರವಾದವೂ ಸಿಡಿಯುತ್ತವೆ. 2008ರಲ್ಲಿ ಎನ್‌ಜಿಸಿ 6946 ಮತ್ತು ಎನ್‌ಜಿಸಿ 300 ಗೆಲಾಕ್ಸಿಗಳಲ್ಲಿ ಕಂಡ ಎರಡು ಮಂದ ಸ್ಫೋಟಗಳ ಮೂಲ ನಕ್ಷತ್ರಗಳು ದಟ್ಟ ದೂಳಿನಲ್ಲಿ ಮುಚ್ಚಿಹೋಗಿ ಅವರಕ್ತ ಕಿರಣಗಳಲ್ಲಿ ಮಾತ್ರ ಕಾಣುತ್ತಿದ್ದವು. ಸೂಪರ್ ಎ.ಜಿ.ಬಿ. ನಕ್ಷತ್ರದಿಂದ ನಿರೀಕ್ಷಿಸುವುದು ಇದನ್ನೇ. ಮೂರನೆಯದು ಎನ್‌ಜಿಸಿ 2146 ಗೆಲಾಕ್ಸಿಯಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇತಗಾಕಿ 2018ರ ಮಾರ್ಚಿನಲ್ಲಿ ಕಂಡುಹಿಡಿದ ಸೂಪರ್ನೋವಾ 2018ಜೆಡ್‌ಡಿ. ದೈಚಿ ಹಿರಮತ್ಸು ಮತ್ತು ಸಂಗಡಿಗರು 2021ರಲ್ಲಿ ಅದರ ಮೂಲ ನಕ್ಷತ್ರ, ಸ್ಫೋಟಕ್ಕೆ ಮೊದಲಿನ ವಸ್ತುನಷ್ಟ, ರೋಹಿತದ ಸಂಯೋಜನೆ, ಕಡಿಮೆ ಶಕ್ತಿ, ಅಲ್ಪ ವಿಕಿರಣಶೀಲತೆ ಎಲ್ಲವನ್ನೂ ಒಟ್ಟುಗೂಡಿಸಿ ಇದು ಎಲೆಕ್ಟ್ರಾನ್ ಗ್ರಹಣದ ಸ್ಫೋಟವೆಂದು ವಾದಿಸಿದರು. ವಾದದ ದುರ್ಬಲ ಕೊಂಡಿ ದೂರ. ಆ ಗೆಲಾಕ್ಸಿ ಅವರು ಹಿಡಿದ ಸುಮಾರು 3.1 ಕೋಟಿ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರದಲ್ಲಿದ್ದರೆ ಸ್ಫೋಟದ ನಿಜವಾದ ಕಾಂತಿ ಹೆಚ್ಚಾಗಿ, ಅದು ಸಾಮಾನ್ಯ ಕಬ್ಬಿಣದ ತಿರುಳಿನ ಕುಸಿತವಾಗಿಬಿಡುತ್ತದೆ. ಹಾಗೆಂದು ವಾದಿಸಿದವರೂ ಇದ್ದಾರೆ. ಇಂಥ ಸ್ಫೋಟಗಳನ್ನು ಮೊದಲ ದಿನಗಳಿಂದ ತಿಂಗಳುಗಟ್ಟಲೆ ಹಿಂಬಾಲಿಸುವುದೊಂದೇ ಉಪಾಯ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ನಿಂತಿರುವ ಎರಡು ಮೀಟರ್ ದರ್ಪಣದ ಹಿಮಾಲಯನ್ ಚಂದ್ರ ದೂರದರ್ಶಕ ಆ ಕೆಲಸದಲ್ಲಿ ಪಾಲುದಾರ. ಚಂದ್ರಶೇಖರ್ ಹೆಸರನ್ನೇ ಹೊತ್ತ ಅದನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಉಳಿದ ಸಾಕ್ಷ್ಯ ನ್ಯೂಟ್ರಾನ್ ನಕ್ಷತ್ರಗಳದು. ಸಾಮಾನ್ಯ ಪಲ್ಸಾರುಗಳು ಹುಟ್ಟುವಾಗ ಸಿಕ್ಕ ಒದೆತದಿಂದ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಗೋಳಾಕಾರದ ನಕ್ಷತ್ರಗುಚ್ಛಗಳಿಂದ ತಪ್ಪಿಸಿಕೊಳ್ಳಲು ಸುಮಾರು 50 ಕಿಲೋಮೀಟರ್ ವೇಗ ಸಾಕು. ಆದರೂ 47 ಟುಕಾನೆಯಂಥ ಗುಚ್ಛದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಲ್ಸಾರುಗಳು ಉಳಿದುಕೊಂಡಿವೆ. ಮೆತ್ತಗಿನ ಒದೆತ ಪಡೆದ ನ್ಯೂಟ್ರಾನ್ ನಕ್ಷತ್ರಗಳು ಇರಲೇಬೇಕೆಂದು ಅವು ಸಾರುತ್ತವೆ. ಇನ್ನೂ ನಿಖರವಾದ ಸುಳಿವು 2003ರಲ್ಲಿ ಪತ್ತೆಯಾದ ಜೋಡಿ ಪಲ್ಸಾರಿನಲ್ಲಿದೆ. ಪಿಎಸ್‌ಆರ್ ಜೆ0737–3039 ಎಂಬುದು ಅದರ ಹೆಸರು. ಎರಡು ನ್ಯೂಟ್ರಾನ್ ನಕ್ಷತ್ರಗಳು ಎರಡೂವರೆ ಗಂಟೆಗೂ ಕಡಿಮೆ ಅವಧಿಯಲ್ಲಿ ಪರಸ್ಪರ ಸುತ್ತುವ ಈ ಜೋಡಿಯ ಕಕ್ಷೆ ಹೆಚ್ಚುಕಡಿಮೆ ವೃತ್ತಾಕಾರವಾಗಿದೆ, ಅಂದರೆ ಎರಡನೆಯ ಸ್ಫೋಟ ಅದನ್ನು ಹೆಚ್ಚು ಕದಲಿಸಲಿಲ್ಲ. ಆಮೇಲೆ ಹುಟ್ಟಿದ ಪಲ್ಸಾರಿನ ದ್ರವ್ಯರಾಶಿ 1.249 ಸೌರರಾಶಿ. 1.37 ಸೌರರಾಶಿಯ ತಿರುಳು ನ್ಯೂಟ್ರಾನ್ ನಕ್ಷತ್ರವಾಗಿ ಬಿಗಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನು ನ್ಯೂಟ್ರಿನೊಗಳು ಒಯ್ದುಬಿಡುತ್ತವೆ. ಆ ಶಕ್ತಿಗೆ ಸಮನಾದ ದ್ರವ್ಯರಾಶಿ ಸುಮಾರು 0.12 ಸೌರರಾಶಿ. ಅದನ್ನು ಕಳೆದಾಗ ಬರುವ ಸಂಖ್ಯೆ ಅಳೆದ ಸಂಖ್ಯೆಗೆ ನೂರರ ಒಂದು ಪಾಲಿನೊಳಗೆ ಕೂಡಿಬರುತ್ತದೆ.